ಮೂಲೆಮನೆ ಅಜ್ಜಿ ಐದು ಗಂಟೆಗೆ ಬರುತ್ತಾರೆ

ಎಲ್ಲ ತೊಂದರೆಗೂ ಕಾರಣ ಒಂದು ರಟ್ಟಿನ ಚೂರು. ಅಂಗೈಯಗಲದ ಆ ಚೂರನ್ನು ನಾಲ್ಕು ಮಡಿಕೆ ಮಾಡಿ ಒಂದು ಫ್ರಿಜ್ಜಿನ ಎಡಗಾಲಿನ ಕೆಳಗೆ ಸಿಕ್ಕಿಸಲಾಗಿತ್ತು. ಅದು ಅಲ್ಲೇ ತೆಪ್ಪಗೆ ಬಿದ್ದುಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಗುರುವಾರ ಬೆಳಿಗ್ಗೆ ಅದು ಪತ್ರಿಕೆಯ ಮೂರನೇ ಪುಟಕ್ಕೆ ಹೋಗಿ ಕೂತುಬಿಟ್ಟಿತು.

ಫ್ರಿಜ್ಜೂ ಸಾಮಾನ್ಯದ್ದಲ್ಲ. ಮಾತಾಡುವ ಫ್ರಿಜ್ಜು. ಅದರ ಹೊಟ್ಟೆಯೊಳಗೆ ಕ್ಯಾಮೆರಾ ಇದೆ. ಹಾಲು ಮುಗಿಯುತ್ತಿದೆ, ಟೊಮೆಟೊ ಕೊಳೆಯುತ್ತಿದೆ ಎಂದು ತಾನೇ ನೋಡಿ ಹೇಳುತ್ತದೆ. ಬಾಗಿಲು ತೆರೆದವರನ್ನೆಲ್ಲ "ನಮಸ್ಕಾರ, ಊಟ ಆಯಿತೇ?" ಎಂದು ವಿಚಾರಿಸುತ್ತದೆ. ನಾಲ್ಕು ದಿನದ ಹಿಂದೆ ಅದು ಅಂಗಡಿಗೆ ಬಂದಾಗ ಯಜಮಾನರು ಗಾಜಿನ ಬಾಗಿಲಿನ ಎದುರಿಗೇ ಜಾಗ ಮಾಡಿಸಿದ್ದರು. ಅಲ್ಲಿ ನೆಲ ಕೊಂಚ ತಗ್ಗು. ಬಾಗಿಲು ತೆರೆದಾಗಲೆಲ್ಲ ಫ್ರಿಜ್ಜು, ಬಸ್ಸಿನಲ್ಲಿ ನಿಂತೇ ತೂಕಡಿಸುವವರ ಹಾಗೆ, ಒಂದು ಪಕ್ಕಕ್ಕೆ ವಾಲುತ್ತಿತ್ತು. ರಾತ್ರಿ ಎಲ್ಲರೂ ಹೊರಟ ಮೇಲೆ ಡೆಮೊ ಅಣ್ಣ ಮಂಡಿಯೂರಿ ಆ ರಟ್ಟನ್ನು ಸಿಕ್ಕಿಸಿ, ಕೈ ಒರೆಸಿಕೊಂಡು ಮನೆಗೆ ಹೋಗಿದ್ದ.

ಡೆಮೊ ಅಣ್ಣನಿಗೆ ಮನೆಯವರು ಇಟ್ಟ ಹೆಸರೂ ಒಂದಿತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಮಿಕ್ಸಿ ತಿರುಗಿಸಿ, ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ, ಹೊಸ ಚಾಪೆಯ ಮೇಲೆ ತಾನೇ ಧೂಳು ಚೆಲ್ಲಿ ತಾನೇ ಯಂತ್ರದಿಂದ ಎಳೆದು ತೋರಿಸಿ, ಆ ಹೆಸರು ಸವೆದುಹೋಗಿತ್ತು. ಅವನ ಕೆಲಸ ಹೊಗಳುವುದು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಹೊಗಳುತ್ತಿದ್ದ. ಗುರುವಾರ ಮಾತ್ರ, ಯಾರಿಗೂ ಗೊತ್ತಾಗದ ಹಾಗೆ, ಬಯ್ಯುತ್ತಿದ್ದ.

ಅದು ಶುರುವಾಗಿ ಆರು ವರ್ಷ. ಒಂದು ದಿನ ಬಹಳ ದಣಿದ ಕಣ್ಣಿನ ಹೆಂಗಸೊಬ್ಬಳು ಬಂದು, ತರಕಾರಿ ಹೆಚ್ಚುವ ಯಂತ್ರವೊಂದನ್ನು ನೋಡಿ, "ಅಣ್ಣಾ, ನಿಜವಾಗ್ಲೂ ಇದ್ರಿಂದ ದಿನಕ್ಕೆ ಒಂದು ಗಂಟೆ ಉಳಿಯುತ್ತಾ?" ಎಂದು ಕೇಳಿದ್ದಳು. ಉಳಿಯುತ್ತದೆ ಎಂದು ಅವನು ಹೇಳಿದ. ತೊಳೆಯುವುದಕ್ಕೇ ಒಂದು ಗಂಟೆ ಬೇಕು ಎನ್ನುವುದನ್ನು ಹೇಳಲಿಲ್ಲ. ಆವತ್ತು ಅವನಿಗೆ ಊಟ ಸೇರಲಿಲ್ಲ. ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಒಂದು ಕಾಗದದಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದ. ದಿನವಿಡೀ ಹೊಗಳಿದ ದನಿಯಲ್ಲಿ ನಿಜ ಹೊರಡಲಿಲ್ಲವಾಗಿ, ಯಾರೋ ಮುದುಕಿಯ ದನಿಯಲ್ಲಿ ಬರೆದ. ಅದು ಊರಿನ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನಿಂದ 'ಅಜ್ಜಿಗೊಂದು ಅನುಮಾನ' ಎಂಬ ಅಂಕಣ ಪ್ರತಿ ಗುರುವಾರ ಬರುತ್ತದೆ. ಕೆಳಗೆ ಸಹಿ: ಮೂಲೆಮನೆ ಅಜ್ಜಿ. ಆ ಅಜ್ಜಿ ಯಾರೆಂದು ಗೊತ್ತಿದ್ದದ್ದು ಸಂಪಾದಕರಿಗೆ, ಹೆಂಡತಿಗೆ, ಜೊತೆಗೇ ಇದ್ದ ಅತ್ತೆಗೆ. ಮೂರೇ ಜನಕ್ಕೆ.

ಅಜ್ಜಿಗೆ ಎಲ್ಲದರ ಮೇಲೂ ಅನುಮಾನ. "ಉಸಿರಾಡೋದನ್ನ ನೆನಪಿಸೋ ಕೈಗಡಿಯಾರ ಬಂದಿದೆಯಂತೆ. ಅದರ ಚಾರ್ಜು ಮುಗಿದ್ರೆ ನಾವೇನು ಮಾಡ್ಬೇಕು ಅಂತ ಪೆಟ್ಟಿಗೆ ಮೇಲೆ ಬರೆದಿಲ್ಲ" ಎಂದು ಬರೆದಿದ್ದಳು. ಇನ್ನು ಹತ್ತು ವರ್ಷದಲ್ಲಿ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಮನುಷ್ಯರು ಸುಮ್ಮನೆ ಕೂರಬಹುದು ಎಂದು ಟಿವಿಯಲ್ಲಿ ಪಂಡಿತರೊಬ್ಬರು ಹೇಳಿದ ವಾರ, "ಬಟ್ಟೆ ಒಗೆಯೋ ಮೆಷಿನ್ ಬಂದಾಗಲೂ ಹೀಗೇ ಅಂದಿದ್ರು. ಮೊದಲು ಒಗೀತಿದ್ದೆ, ಈಗ ಅದರ ಪೀ-ಪೀ ಯಾವಾಗ ನಿಲ್ಲುತ್ತೆ ಅಂತ ಕಾಯ್ತೀನಿ. ಕೂತಿದ್ದು ಯಾವಾಗ ಅಂತ ನೆನಪಿಲ್ಲ" ಎಂದಿದ್ದಳು. ಚುನಾವಣೆಯ ಸಮಯದಲ್ಲಿ ಎರಡು ಚಾನೆಲ್ಲಿನ ಎರಡು ಸಮೀಕ್ಷೆಗಳನ್ನು ಕೂಡಿಸಿ, ಊರಿನಲ್ಲಿರುವ ಜನರಿಗಿಂತ ಮತ ಹಾಕಿದವರೇ ಹೆಚ್ಚು ಎಂದು ತೋರಿಸಿದ್ದಳು. ಜನ ಅಂಕಣವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು.

ಈ ವಾರ ಅಜ್ಜಿ ಹಿಡಿದದ್ದು ಮಾತಾಡುವ ಫ್ರಿಜ್ಜನ್ನು. ಅದು ಬದನೆಕಾಯಿಯನ್ನು ನೋಡಿ "ಇದು ಪಾದರಕ್ಷೆ, ದಯವಿಟ್ಟು ಹೊರಗೆ ಬಿಡಿ" ಎಂದದ್ದನ್ನು ಬರೆದಳು. "ಮನೇಲಿ ಐದು ಜನ ಇದ್ರೂ ಊಟ ಆಯ್ತಾ ಅಂತ ಕೇಳೋಕೆ ಫ್ರಿಜ್ಜು ತರಿಸ್ಬೇಕಂತೆ. ಇದು ಮುಂದುವರಿದದ್ದೋ ಹಿಂದುಳಿದದ್ದೋ ನನಗೊಂದು ಅನುಮಾನ" ಎಂದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಬರೆಯುವವರಿಗೆ ಒಂದು ಚಪಲ ಇರುತ್ತದೆ. ಕೊನೆಗೆ ಒಂದು ಸಾಲು ತಾನಾಗಿ ಬಂದು ಪೆನ್ನಿನ ತುದಿಯಲ್ಲಿ ಕೂತಿತು: "ಲೋಕದ ಬುದ್ಧಿಯನ್ನೆಲ್ಲ ಹೊಟ್ಟೇಲಿ ತುಂಬಿಕೊಂಡಿದೆ, ಆದ್ರೆ ಎಡಗಾಲಿನ ಕೆಳಗೆ ರಟ್ಟು ಇಡದಿದ್ರೆ ನೆಟ್ಟಗೆ ನಿಲ್ಲೋಕೆ ಬರಲ್ಲ." ಹೆಂಡತಿ ಓದಿ ಬಟ್ಟೆಯಿಂದ ಸೂಜಿ ತೆಗೆಯುವುದನ್ನೂ ಮರೆತು ನಕ್ಕಿದ್ದಳು. ಹಾಗಾಗಿ ಆ ಸಾಲು ಉಳಿಯಿತು.

ಗುರುವಾರ ಅವನು ಅಂಗಡಿಗೆ ಕಾಲಿಟ್ಟಾಗ ಬಿಲ್ ಕೌಂಟರಿನ ಅಕ್ಕ ಅದೇ ಸಾಲನ್ನು ಜೋರಾಗಿ ಓದುತ್ತಿದ್ದಳು. ಯಜಮಾನರು ಬಂದಾಗಿತ್ತು. ಎತ್ತರದ ಭಾರೀ ಆಳು. ಮಾತು ಕಡಿಮೆ, ಎರಡು ಮಾತಿನ ನಡುವೆ ಇನ್ನೊಬ್ಬರು ಒಂದು ಲೋಟ ನೀರು ಕುಡಿದು ಬರಬಹುದು. ಅವರು ಏನೂ ಹೇಳದೆ ಫ್ರಿಜ್ಜಿನ ಮುಂದೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು, ಎರಡು ಬೆರಳಿನಿಂದ ರಟ್ಟನ್ನು ಎಳೆದರು. ಫ್ರಿಜ್ಜು ವಾಲಿತು, ಬಾಗಿಲು ತೆರೆದುಕೊಂಡಿತು, "ನಮಸ್ಕಾರ, ಊಟ ಆಯಿತೇ?" ಎಂದಿತು.

"ಇದನ್ನ ಇಟ್ಟವರು ಯಾರು?" ಎಂದು ಯಜಮಾನರು ಕೇಳಿದರು.

ನಾನೇ ಸಾರ್, ಅಲ್ಲಾಡುತ್ತಿತ್ತು, ಅದಕ್ಕೇ ಇಟ್ಟೆ ಎಂದಿದ್ದರೆ ಮುಗಿಯುತ್ತಿತ್ತು. ಡೆಮೊ ಅಣ್ಣನ ಬಾಯಿಗೆ ಬಂದದ್ದು ಬೇರೆ. "ಗೊತ್ತಿಲ್ಲ ಸಾರ್" ಎಂದ. ಹೇಳಿದ ಮರುಕ್ಷಣವೇ ಅದನ್ನು ವಾಪಸು ನುಂಗಬೇಕೆನಿಸಿತು. ಹೊರಬಿದ್ದ ಮಾತು ಒಳಗೆ ಹೋಗಲಿಲ್ಲ.

ಯಜಮಾನರು ರಟ್ಟನ್ನು ಜೇಬಿಗೆ ಹಾಕಿಕೊಂಡರು. ಆ ಅಜ್ಜಿಯನ್ನು ಹುಡುಕಬೇಕು, ಇವತ್ತೇ ಹುಡುಕಬೇಕು, ತಾನು ಅವಳ ಎದುರು ಕೂತು ಐದು ನಿಮಿಷ ಮಾತಾಡಬೇಕು ಎಂದರು. ಆಮೇಲೆ ಒಂದು ಲೋಟ ನೀರಿನಷ್ಟು ಸುಮ್ಮನಿದ್ದು, "ಒಳಗಿನವರು ಯಾರಾದ್ರೂ ಹೇಳಿಕೊಟ್ಟಿದ್ರೆ, ಅಂಥವರು ನಾಳೆಯಿಂದ ಬೇರೆ ಕಡೆ ಕೆಲಸ ನೋಡ್ಕೊಳ್ಳಲಿ" ಎಂದು ತಮ್ಮ ಕೋಣೆಗೆ ಹೋದರು.

ಡೆಮೊ ಅಣ್ಣನ ಕೈಕಾಲು ಫ್ರಿಜ್ಜಿನೊಳಗಿಟ್ಟ ಹಾಗೆ ತಣ್ಣಗಾದವು. ನಲವತ್ತಾರನೇ ವಯಸ್ಸಿನಲ್ಲಿ ಅವನಿಗೆ ಬೇರೆ ಏನು ಬರುತ್ತದೆ? ಹೊಗಳುವುದು ಬರುತ್ತದೆ. ಬಯ್ಯುವುದು ಬರುತ್ತದೆ. ಎರಡನೆಯದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಬಿಲ್ ಅಕ್ಕನಿಗೆ ಮಾತ್ರ ಹಬ್ಬ. ಒಬ್ಬರ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಅವಳಿಗೆ ಗೊತ್ತಿರಬೇಕು. ಅಂಥವಳಿಗೆ ಇದೊಂದು ಪತ್ತೇದಾರಿ ಕೆಲಸ ಸಿಕ್ಕಿತ್ತು. ಅಜ್ಜಿ ಅಂಗಡಿಗೆ ಬಂದೇ ಬಂದಿದ್ದಾಳೆ, ಬಗ್ಗಿ ಕಾಲಿನ ಕೆಳಗೆ ನೋಡಿದ್ದಾಳೆ, ಸಿಸಿಟಿವಿಯಲ್ಲಿ ಸಿಕ್ಕೇ ಸಿಗುತ್ತಾಳೆ ಎಂದು ಲೆಕ್ಕ ಹಾಕಿ, ಕಂಪ್ಯೂಟರಿನ ಮುಂದೆ ಕೂತಳು. ಬಂದುಹೋದ ಮುದುಕಿಯರನ್ನು ಪಟ್ಟಿ ಮಾಡಲು ಡೆಮೊ ಅಣ್ಣನನ್ನೇ ಪಕ್ಕಕ್ಕೆ ಕರೆದಳು. ಅವನು ಬರೆದುಕೊಂಡ: ಊರುಗೋಲಿನವರು ಒಬ್ಬರು, ಚೀಲದವರು ಇಬ್ಬರು, ಮೊಮ್ಮಗಳಿಂದ ಫ್ಯಾನ್ ಗಾಳಿ ಅಳೆಸಿದವರು ಒಬ್ಬರು.

ಪರದೆಯಲ್ಲಿ ರಾತ್ರಿಯಾಯಿತು. ಜನ ಕರಗಿದರು. ದೀಪಗಳು ಒಂದೊಂದಾಗಿ ಆರಿದವು. ಬೆನ್ನು ಬಗ್ಗಿಸಿಕೊಂಡು ಯಾರೋ ಫ್ರಿಜ್ಜಿನ ಕಡೆಗೆ ಬರುತ್ತಿದ್ದರು, ಕೈಯಲ್ಲಿ ಏನೋ ಇತ್ತು. ಆ ಬೆನ್ನು ಯಾರದೆಂದು ಡೆಮೊ ಅಣ್ಣನಿಗೆ ಕ್ಷಣವೂ ಅನುಮಾನವಿರಲಿಲ್ಲ. ಅವನು ಎದ್ದ, ಕಂಪ್ಯೂಟರಿನ ವೈರಿನಲ್ಲಿ ಕಾಲು ಸಿಕ್ಕಿಸಿಕೊಂಡ, ಬೀಳುವವನ ಹಾಗೆ ನಟಿಸಲು ಹೋಗಿ ನಿಜವಾಗಿಯೂ ಬಿದ್ದ. ಪರದೆ ಕಪ್ಪಾಯಿತು. ಬಿದ್ದ ರಭಸಕ್ಕೆ ಪಕ್ಕದ ಮಸಾಜ್ ಕುರ್ಚಿಯ ಗುಂಡಿ ಒತ್ತಿಹೋಗಿ, ಯಾರೂ ಇಲ್ಲದ ಆ ಕುರ್ಚಿ ಗುರುಗುಟ್ಟುತ್ತಾ ಗಾಳಿಯನ್ನು ತಟ್ಟತೊಡಗಿತು.

ಬಿಲ್ ಅಕ್ಕ ಅವನನ್ನು ಎಬ್ಬಿಸಿ, ಅಂಗಿಯ ಧೂಳು ಕೊಡವಿ, ನೀರು ತಂದುಕೊಟ್ಟಳು. "ಏಟಾಯ್ತಾ ಅಣ್ಣಾ?" ಎಂದಷ್ಟೇ ಕೇಳಿದಳು. ಕಂಪ್ಯೂಟರನ್ನು ಮತ್ತೆ ಹಾಕಲಿಲ್ಲ. ತನ್ನ ಕನ್ನಡಕ ಸರಿಯಿಲ್ಲ, ಎಲ್ಲ ಮಬ್ಬುಮಬ್ಬು ಕಾಣುತ್ತದೆ ಎಂದು ಗೊಣಗಿಕೊಂಡು ಕೌಂಟರಿಗೆ ಹೋದಳು. ಅವಳು ಕನ್ನಡಕ ಹಾಕುತ್ತಲೇ ಇರಲಿಲ್ಲ ಎನ್ನುವುದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಸಂಪಾದಕರ ಫೋನು. ಡೆಮೊ ಅಣ್ಣ ಗೋಡೌನಿನ ಪೆಟ್ಟಿಗೆಗಳ ಹಿಂದೆ ಹೋಗಿ ಪಿಸುದನಿಯಲ್ಲಿ ಮಾತಾಡಿದ. ಬರೆಯುವುದು, ತಿದ್ದುವುದು, ಸೈಕಲ್ಲಿನಲ್ಲಿ ಹಂಚುವುದು ಎಲ್ಲ ಆ ಸಂಪಾದಕರು ಒಬ್ಬರೇ. ಪತ್ರಿಕೆ ಬದುಕಿದ್ದದ್ದು ಹಿಂದಿನ ಪುಟದಲ್ಲಿ ವಾರವಾರ ಬರುವ ಇದೇ ಅಂಗಡಿಯ ಜಾಹೀರಾತಿನಿಂದ. ನಿಮ್ಮ ಯಜಮಾನರು ಫೋನ್ ಮಾಡಿದ್ದರು, ಆ ಅಜ್ಜಿ ನಿಜವಾಗಿ ಇದ್ದಾರೋ ಇಲ್ಲವೋ ಎಂದು ಕೇಳಿದರು ಎಂದು ಸಂಪಾದಕರು ಹೇಳಿದರು.

"ನೀವೇನಂದ್ರಿ ಸಾರ್?"

"ಇದ್ದಾರೆ ಅಂದೆ."

"ಆಮೇಲೆ?"

"ಸಂಜೆ ಐದಕ್ಕೆ ಅಂಗಡಿಗೆ ಬರ್ತಾರೆ ಅಂದೆ."

"ಅಯ್ಯೋ, ಯಾಕೆ ಸಾರ್ ಹಾಗಂದ್ರಿ?"

"ಅವರು ಸುಮ್ನಿದ್ದುಬಿಟ್ರು ಕಣಯ್ಯ. ನಿನಗೆ ಗೊತ್ತಲ್ಲ, ಅವರು ಸುಮ್ನಿದ್ರೆ ನಮ್ಮ ಬಾಯಲ್ಲಿ ಏನೇನೋ ಬರುತ್ತೆ." ಸಂಪಾದಕರ ದನಿ ನಿಜವಾಗಿಯೂ ಕುಗ್ಗಿತ್ತು. ಹೇಗಾದರೂ ಒಬ್ಬ ಅಜ್ಜಿಯನ್ನು ಹೊಂದಿಸು ಎಂದು ಬೇಡಿಕೊಂಡು ಫೋನಿಟ್ಟರು.

ಅಜ್ಜಿಯನ್ನು ಎಲ್ಲಿಂದ ಹೊಂದಿಸುವುದು? ಊಟದ ಬಿಡುವಿನಲ್ಲಿ ಡೆಮೊ ಅಣ್ಣ ಮನೆಗೆ ಓಡಿದ. ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ತೊಡಕು ಏನೆಂದರೆ, ಇಡೀ ಊರಿನಲ್ಲಿ ಮೂಲೆಮನೆ ಅಜ್ಜಿಗೆ ತದ್ವಿರುದ್ಧ ಯಾರಾದರೂ ಇದ್ದರೆ ಅದು ಅವನ ಅತ್ತೆಯೇ. ಮೊಬೈಲಿನಲ್ಲಿ ಬಂದದ್ದೆಲ್ಲ ಅವರಿಗೆ ನಿಜ. ನಾಳೆಯಿಂದ ಮೂರು ದಿನ ಸೂರ್ಯ ಹುಟ್ಟುವುದಿಲ್ಲ ಎಂದು ಒಮ್ಮೆ ಸಂದೇಶ ಬಂದಾಗ ಮೂರು ದಿನದ ಬಟ್ಟೆಯನ್ನು ಒಂದೇ ಮಧ್ಯಾಹ್ನ ಒಣಗಿಸಿದ್ದರು. ಮಂಡಿನೋವಿನ ಕಾಂತದ ಪಟ್ಟಿ, ತಲೆಗೂದಲು ಬೆಳೆಸುವ ಬೆಳಕಿನ ಬಾಚಣಿಗೆ, ಎಲ್ಲ ತರಿಸಿದ್ದರು. ಆದರೆ ಅಳಿಯನ ಅಂಕಣವನ್ನೂ ಒಂದು ವಾರ ಬಿಡದೆ ಓದಿಸಿಕೊಂಡು ಕೇಳಿ, ಅದನ್ನೂ ಅಷ್ಟೇ ಭಕ್ತಿಯಿಂದ ನಂಬುತ್ತಿದ್ದರು.

ಹೆಂಡತಿ ಸಂಗತಿ ಕೇಳಿ ಮೆಷಿನ್ ನಿಲ್ಲಿಸಿದಳು. ಗಂಡನ ಬೆವತ ಮುಖ ನೋಡಿ, "ಮೊದಲು ಎರಡು ತುತ್ತು ಊಟ ಮಾಡಿ" ಎಂದಳು. ಅವನು ಊಟ ಮಾಡುವಷ್ಟರಲ್ಲಿ ತಾನೇ ಅಮ್ಮನಿಗೆ ಪಾಠ ಶುರುಮಾಡಿದಳು. ಫ್ರಿಜ್ಜನ್ನು ಕಂಡರೆ ಮುಖ ಗಂಟು ಹಾಕಬೇಕು. ಏನೇ ಕೇಳಿದರೂ "ನನಗೊಂದು ಅನುಮಾನ" ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಳಿಯನ ಗುರುತು ತನಗಿಲ್ಲ ಎನ್ನುವ ಹಾಗಿರಬೇಕು.

"ಅಷ್ಟೇ ತಾನೇ?" ಎಂದರು ಅತ್ತೆ. "ನಿಮಗೋಸ್ಕರ ಅನುಮಾನ ಪಡೋಕೆ ನನಗೇನು ಕಷ್ಟ ಅಳಿಯಂದ್ರೇ? ಆದ್ರೆ ಒಂದು ಕೇಳ್ತೀನಿ. ಅದು ನಿಜವಾಗ್ಲೂ ಮಾತಾಡುತ್ತಾ?"

ಅವರ ಕಣ್ಣಿನ ಹೊಳಪು ನೋಡಿ ಡೆಮೊ ಅಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ.

ಮೂರು ಗಂಟೆಗೆ ಅವನು ಮರಳಿದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಕಣ ಓದಿದವರೆಲ್ಲ ಫ್ರಿಜ್ಜು ನೋಡಲು ಬಂದಿದ್ದರು. ಒಬ್ಬರ ಕೈಯಲ್ಲಿ ಬದನೆಕಾಯಿ, ಇನ್ನೊಬ್ಬರ ಕೈಯಲ್ಲಿ ಹೀರೆಕಾಯಿ, ಒಬ್ಬ ಮಹಾಶಯರ ಕೈಯಲ್ಲಿ ನಿಜವಾದ ಬೂಟು. ಬೂಟನ್ನು ನೋಡಿ ಫ್ರಿಜ್ಜು "ತಾಜಾ ಬದನೆಕಾಯಿ, ನಾಲ್ಕು ದಿನ ಇಡಬಹುದು" ಎಂದಾಗ ಜನ ನಕ್ಕ ನಗೆಗೆ ಗಾಜು ಅದುರಿತು. ಯಜಮಾನರು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖಕ್ಕಿಂತ ಹೆದರಿಕೆ ಹುಟ್ಟಿಸುವುದು ಇನ್ನೇನಿದೆ?

ನಾಲ್ಕೂವರೆ ಹೊತ್ತಿಗೆ ಹಿಂದಿನ ಮೆಟ್ಟಿಲಿನಿಂದ ಯಜಮಾನರ ತಾಯಿ ಇಳಿದು ಬಂದರು. ಅಂಗಡಿಯ ಮೇಲಿನ ಮಹಡಿಯಲ್ಲೇ ಅವರ ಮನೆ. ಕೆಲಸದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಎಂಬತ್ತು ದಾಟಿದ, ಹಗುರವಾದ ಜೀವ. ಬಂದರೂ ಹೋದರೂ ಸದ್ದಿಲ್ಲ. ಗದ್ದಲ ಕೇಳಿ ಏನೆಂದು ನೋಡಲು ಬಂದಿದ್ದರು. ಡೆಮೊ ಅಣ್ಣ ಅವರಿಗೆ ಒಂದು ಸ್ಟೂಲು ಹಾಕಿ, ಫ್ಯಾನನ್ನು ಅವರ ಕಡೆಗೆ ತಿರುಗಿಸಿ, ನಡೆದ ವಿಷಯ ಹೇಳಿದ. ಪತ್ರಿಕೆಯ ಆ ಅಜ್ಜಿಯ ಹತ್ತಿರ ಯಜಮಾನರು ಮಾತಾಡಬೇಕಂತೆ ಎಂದ.

ದೊಡ್ಡಮ್ಮ ಅವನ ಕಡೆ ತಿರುಗಿದರು. "ಎಷ್ಟು ಹೊತ್ತು ಮಾತಾಡ್ತಾನಂತೆ?"

"ಐದು ನಿಮಿಷ ಅಂದ್ರು ದೊಡ್ಡಮ್ಮ."

"ಐದು ನಿಮಿಷ." ಅವರು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ ಹಾಗಿತ್ತು. "ಎದುರಿಗೆ ಕೂರಿಸಿಕೊಂಡು?"

ಹೌದು ಎಂದ. ಅವರು ನಡುಗುವ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಫ್ಯಾನಿನ ಗಾಳಿಗೆ ಕೂತರು.

ಐದು ಗಂಟೆಗೆ ಸರಿಯಾಗಿ ಗಾಜಿನ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಹೊಸ ಸೀರೆ, ಮಗಳು ಹೇಳಿಕೊಟ್ಟ ಗಂಟುಮುಖ. ನೇರವಾಗಿ ಡೆಮೊ ಅಣ್ಣನ ಮುಂದೆ ಬಂದು ನಿಂತು, "ನೀವು ಯಾರೋ ನನಗೆ ಗೊತ್ತಿಲ್ಲ" ಎಂದರು. ಯಾರೂ ಕೇಳಿರಲಿಲ್ಲ. ಸಾಲದು ಎನಿಸಿತೋ ಏನೋ, ಸುತ್ತಲಿನವರ ಕಡೆ ತಿರುಗಿ, "ಇವರನ್ನ ನಾನು ನೋಡೇ ಇಲ್ಲ. ಮಧ್ಯಾಹ್ನ ಅಂತೂ ನೋಡೇ ಇಲ್ಲ" ಎಂದು ಸಾರಿದರು.

ಡೆಮೊ ಅಣ್ಣ ಉಸಿರು ಬಿಡುವುದರೊಳಗೆ ಬಾಗಿಲು ಮತ್ತೆ ತೆರೆಯಿತು. ಸಂಪಾದಕರ ಹಿಂದೆ ಊರ ಶಾಲೆಯ ನಿವೃತ್ತ ಹೆಡ್ ಮೇಡಂ ಬಂದರು. ನೀನು ಹೊಂದಿಸಲಾರೆ ಎಂದು ಹೆದರಿ ನಾನೇ ಒಬ್ಬರನ್ನು ಕರೆತಂದೆ ಎಂದು ಸಂಪಾದಕರು ಕಣ್ಣಲ್ಲೇ ಹೇಳಿದರು. ಹೆಡ್ ಮೇಡಂ ಕನ್ನಡಕ ಏರಿಸಿ, ತಾನೇ ಮೂಲೆಮನೆ ಅಜ್ಜಿ ಎಂದು ಪ್ರಾರ್ಥನೆಗೆ ನಿಂತ ಮಕ್ಕಳಿಗೆ ಹೇಳುವ ದನಿಯಲ್ಲಿ ತಿಳಿಸಿದರು. ಅದೇ ಹೊತ್ತಿಗೆ ಕೌಂಟರಿನ ಹಿಂದಿನಿಂದ ಬಿಲ್ ಅಕ್ಕ ತನ್ನ ತಾಯಿಯ ಕೈ ಹಿಡಿದು ನಡೆಸಿಕೊಂಡು ಬಂದಳು. ಬರೆದದ್ದು ನಮ್ಮಮ್ಮ ಸಾರ್, ಇಷ್ಟು ದಿನ ಹೇಳೋಕೆ ಹೆದರಿಕೆಯಾಗಿತ್ತು ಎಂದಳು. ಹೇಳುವಾಗ ಅವಳು ಡೆಮೊ ಅಣ್ಣನ ಕಡೆ ನೋಡಲೇ ಇಲ್ಲ. ಆಗ ಅವನಿಗೆ ಬೆಳಗಿನ ಕನ್ನಡಕ ಅರ್ಥವಾಯಿತು. ತನ್ನ ಕೆಲಸ ಹೋದರೂ ಹೋಗಲಿ ಎಂದು ಅವಳು ಅಮ್ಮನನ್ನು ತಂದು ನಿಲ್ಲಿಸಿದ್ದಳು. ಅವನ ಕಣ್ಣು ಮಂಜಾಯಿತು.

ಮೂವರು ಅಜ್ಜಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಜಮಾನರು ಮೂವರನ್ನೂ ನೋಡಿದರು. ಪರೀಕ್ಷೆ ಮಾಡುವವರ ಹಾಗೆ ಫ್ರಿಜ್ಜಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರು. ಹೆಡ್ ಮೇಡಂ ಅದರ ವಾಕ್ಯರಚನೆ ಸರಿಯಿಲ್ಲ ಎಂದರು. ಬಿಲ್ ಅಕ್ಕನ ತಾಯಿ ಬಾಗಿಲು ಬಹಳ ಎತ್ತರ ಎಂದರು. ಅತ್ತೆಯ ಸರದಿ ಬಂತು. ಅವರು ಹುಬ್ಬು ಗಂಟಿಕ್ಕಿಕೊಂಡೇ ಮುಂದೆ ಹೋಗಿ ಬಾಗಿಲು ತೆರೆದರು.

"ನಮಸ್ಕಾರ, ಊಟ ಆಯಿತೇ?" ಎಂದಿತು ಫ್ರಿಜ್ಜು.

ಅತ್ತೆಯ ಮುಖದ ಗಂಟು ಬಿಚ್ಚಿಹೋಯಿತು. "ಆಯ್ತು ಕಣವ್ವ, ನಿಂದು?" ಎಂದರು. "ಎಷ್ಟು ಚೆನ್ನಾಗಿ ಮಾತಾಡುತ್ತೆ ನೋಡಿ ಅಳಿಯಂದ್ರೇ, ನೀವು ಸುಮ್ನೆ ಬೈದಿರಿ ಇದನ್ನ."

ಡೆಮೊ ಅಣ್ಣ ನೆಲ ನೋಡಿದ. ಯಜಮಾನರು ಅವನನ್ನು ನೋಡಿದರು. ಆಮೇಲೆ ಯಾರೂ ನಿರೀಕ್ಷಿಸದ ಕೆಲಸವೊಂದನ್ನು ಮಾಡಿದರು. ನಕ್ಕರು.

ನಾನು ಬಯ್ಯಲು ಕರೆಸಿದ್ದೇನೆಂದು ತಿಳಿದುಕೊಂಡಿದ್ದೀರಾ ಎಂದು ಕೇಳಿದರು. ಬೆಳಿಗ್ಗೆ ಸಿಟ್ಟು ಬಂದದ್ದು ನಿಜವಂತೆ. ಆದರೆ ಇಷ್ಟು ಜನ ಈ ಅಂಗಡಿಯೊಳಗೆ ಸೇರಿದ್ದು ಅವರು ಕಂಡೇ ಇಲ್ಲವಂತೆ. ಬಯ್ಯಿಸಿಕೊಂಡ ಫ್ರಿಜ್ಜನ್ನು ಮಧ್ಯಾಹ್ನದೊಳಗೆ ಏಳು ಮನೆಯವರು ಬೇಕೆಂದು ಹೇಳಿ ಹೋಗಿದ್ದರಂತೆ. ಹೊಗಳಿಸಿಕೊಂಡದ್ದು ನಾಲ್ಕು ದಿನದಲ್ಲಿ ಒಂದೂ ಹೋಗಿರಲಿಲ್ಲ. ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದು ಯಾರೂ ಕೇಳಿರಲಿಲ್ಲ.

"ಬರೆದವರು ಯಾರೇ ಆಗಿರಲಿ, ಒಳಗಿನವರೇ ಆಗಿರಲಿ, ಬೆಳಗಿನ ಮಾತು ನಾನು ಮರೆತಿದ್ದೀನಿ" ಎಂದರು. "ಮೇಲೆ ಕಿಟಕಿ ಹತ್ರ ಒಂದು ಮೇಜು, ಒಂದು ಕುರ್ಚಿ ಹಾಕಿಸ್ತೀನಿ. ಕೂತ್ಕೊಂಡು ಬರೆಯೋದಷ್ಟೇ ಕೆಲಸ. ಇದ್ದದ್ದು ಇದ್ದ ಹಾಗೆ ಬರೀಲಿ. ಯಾರದು, ಹೇಳಿ."

ಕೂತುಕೊಂಡು ಬರೆಯುವ ಕೆಲಸ. ಇದ್ದದ್ದು ಇದ್ದ ಹಾಗೆ. ಸಂಪಾದಕರು ಹಿಂದಿನಿಂದ ಡೆಮೊ ಅಣ್ಣನ ಬೆನ್ನಿಗೆ ಮೆತ್ತಗೆ ತಿವಿದರು. ಅವನು ಬಲಗಾಲನ್ನು ಅರ್ಧ ಹೆಜ್ಜೆ ಮುಂದೆ ಇಟ್ಟ. ಬಾಯಿ ತೆರೆದ.

"ನಾನೇ ಕಣೋ" ಎಂದಿತು ಒಂದು ಸಣ್ಣ ದನಿ.

ದೊಡ್ಡಮ್ಮ ಸ್ಟೂಲಿನಿಂದ ಎದ್ದು ನಿಂತಿದ್ದರು.

ಯಜಮಾನರು ತಿರುಗಿದರು. ತಾಯಿಯನ್ನು ನೋಡಿದರು, ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದರು. ಮೂರನೇ ಪುಟ ತೆಗೆದು ಏನೋ ಹುಡುಕಿ ಓದಿಕೊಂಡರು. ಮನೆಯಲ್ಲಿ ಐದು ಜನ ಇದ್ದರೂ ಊಟ ಆಯಿತೇ ಎಂದು ಕೇಳಲು ಫ್ರಿಜ್ಜು ತರಿಸಬೇಕಂತೆ ಎಂಬ ಸಾಲು ಅದು ಎಂದು ಡೆಮೊ ಅಣ್ಣನಿಗೆ ಅವರ ಕಣ್ಣು ನಿಂತ ಜಾಗದಿಂದಲೇ ತಿಳಿಯಿತು. ಅದನ್ನು ಬರೆಯುವಾಗ ಅವನಿಗೆ ಯಾರ ಮನೆಯೂ ನೆನಪಿರಲಿಲ್ಲ. ಮೇಲಿನ ಮಹಡಿಯಲ್ಲಿ ಇರುವವರು ಸರಿಯಾಗಿ ಐದು ಜನ.

ಆ ಭಾರೀ ಮನುಷ್ಯ ತಾಯಿಯ ಮುಂದೆ ಹೋಗಿ, ಸ್ಟೂಲಿನ ಪಕ್ಕ ನೆಲದ ಮೇಲೆಯೇ ಕೂತರು.

"ಅಮ್ಮಾ, ಊಟ ಆಯ್ತಾ?"

"ಈಗ ಐದೂವರೆ ಆಗಿದೆಯಲ್ಲೋ" ಎಂದರು ದೊಡ್ಡಮ್ಮ. "ಆಗ್ಲೇ ಆಯ್ತು. ನಿಂದು?"

ಅವರದು ಆಗಿರಲಿಲ್ಲವಂತೆ.

ಡೆಮೊ ಅಣ್ಣ ಮುಂದಿಟ್ಟ ಅರ್ಧ ಹೆಜ್ಜೆಯನ್ನು ಹಿಂದಕ್ಕೆ ಎಳೆದುಕೊಂಡ. ಅಜ್ಜಿಯರು ಮೂವರೂ ಬಲು ಬೇಗ ಅರ್ಥಮಾಡಿಕೊಂಡಿದ್ದರು. ತಾನು ಬರೀ ಅಭಿಮಾನಿ ಎಂದರು ಹೆಡ್ ಮೇಡಂ. ಬಿಲ್ ಅಕ್ಕನ ತಾಯಿ ಮಗಳಿಗೆ ಮನೆಗೆ ಹೊತ್ತಾಯಿತು ಎಂದರು. ಅತ್ತೆ ತಾವು ಫ್ರಿಜ್ಜು ನೋಡಲಷ್ಟೇ ಬಂದದ್ದು ಎಂದು ಹೇಳಿ, ಹೋಗುವಾಗ ಅಳಿಯನ ತೋಳನ್ನು ಯಾರಿಗೂ ಕಾಣದ ಹಾಗೆ ಒಮ್ಮೆ ಒತ್ತಿದರು. ಆ ಒತ್ತುವಿಕೆ ಎಲ್ಲರಿಗೂ ಕಂಡಿತು.

ಒಂದೇ ಒಂದು ಪ್ರಶ್ನೆ ಉಳಿದಿತ್ತು. ಈ ನಡುಗುವ ಕೈಯಲ್ಲಿ ಆರು ವರ್ಷ ಹೇಗೆ ಬರೆದೆ ಎಂದು ಯಜಮಾನರು ಕೇಳಿದರು. ದೊಡ್ಡಮ್ಮ ಗಲಿಬಿಲಿಗೊಳ್ಳಲಿಲ್ಲ. ಗಲ್ಲದಿಂದಲೇ ಡೆಮೊ ಅಣ್ಣನನ್ನು ತೋರಿಸಿದರು. "ನಾನು ಹೇಳ್ತಿದ್ದೆ. ಇವನು ಬರ್ಕೊಡ್ತಿದ್ದ. ಒಳ್ಳೆ ಹುಡುಗ."

ಯಜಮಾನರು ಅವನ ಬೆನ್ನು ತಟ್ಟಿದರು. ಇಷ್ಟು ವರ್ಷ ಅಮ್ಮನ ಮಾತು ಕೇಳಿಸಿಕೊಂಡೆಯಲ್ಲ, ದೊಡ್ಡ ಉಪಕಾರ ಎಂದರು. ಆಮೇಲೆ, "ಇಷ್ಟು ವರ್ಷ ಬರ್ಕೊಂಡೂ ಆ ಬುದ್ಧೀಲಿ ಕಾಲು ಭಾಗ ನಿನಗೆ ಹತ್ತಲಿಲ್ಲವಲ್ಲೋ. ನಿನ್ನ ಡೆಮೊ ಕೇಳಿದ್ರೆ ನನಗೇ ನಿದ್ದೆ ಬರುತ್ತೆ" ಎಂದರು. ಹಗಲು ಎಂದಿನ ಕೆಲಸ ಇದ್ದೇ ಇದೆ. ಸಂಜೆ ಒಂದು ಗಂಟೆ ಮೇಲೆ ಹೋಗಿ ಅಮ್ಮ ಹೇಳಿದ್ದನ್ನು ಬರೆದುಕೊಡಬೇಕು, ಇವತ್ತಿನಿಂದಲೇ ಎಂದರು.

ಮೇಲೆ ಕಿಟಕಿಯ ಹತ್ತಿರ ಮೇಜು ಬಂತು. ಒಂದು ಕುರ್ಚಿ ಬಂತು. ಮೆತ್ತೆ ಇದ್ದ, ಕೈಯಿಟ್ಟುಕೊಳ್ಳಲು ಅನುಕೂಲವಿದ್ದ ಒಳ್ಳೆಯ ಕುರ್ಚಿ. ದೊಡ್ಡಮ್ಮ ಅದರಲ್ಲಿ ಕೂತರು. ಇನ್ನೊಂದು ಬೇಕಾದೀತೇ ಎಂದು ಯಾರಿಗೂ ತೋಚಲಿಲ್ಲ.

ಕೋಣೆಯಲ್ಲಿ ಇಬ್ಬರೇ ಉಳಿದಾಗ ದೊಡ್ಡಮ್ಮ ಮೆಲ್ಲಗೆ, "ಬರೆದದ್ದು ನೀನೇ ಅಲ್ವೇನಪ್ಪಾ?" ಎಂದು ಕೇಳಿದರು.

ಅವನು ಬೆಚ್ಚಿದ. ಹೇಗೆ ಗೊತ್ತಾಯಿತು ಎಂದು ಕೇಳಿದ.

"ನಾನೇ ಅಂದಾಗ ಎಲ್ರೂ ನನ್ನ ಮುಖ ನೋಡಿದ್ರು. ನೀನೊಬ್ಬ ನನ್ನ ಕೈ ನೋಡಿದೆ." ಅವರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನಿಂದನ್ನ ಕಿತ್ಕೊಂಡೆ. ಬೇಕು ಅಂದ್ರೆ ಈಗಲೇ ಅವನಿಗೆ ನಿಜ ಹೇಳಿಬಿಡ್ತೀನಿ."

ಕೆಳಗಿನಿಂದ ಯಜಮಾನರ ದನಿ ಕೇಳುತ್ತಿತ್ತು. ಅಮ್ಮನಿಗೂ ನನಗೂ ಟೀ ಮೇಲೆಯೇ ಕಳಿಸಿ ಎಂದು ಯಾರಿಗೋ ಹೇಳುತ್ತಿದ್ದರು.

"ಬೇಡ ದೊಡ್ಡಮ್ಮ" ಎಂದ ಡೆಮೊ ಅಣ್ಣ. ಹೇಳಿ, ಹಾಳೆ ತೆಗೆದುಕೊಂಡು ಮೇಜಿನ ಪಕ್ಕ ನಿಂತ.

ದೊಡ್ಡಮ್ಮನ ಬಳಿ ಹೇಳುವುದು ಬಹಳ ಇತ್ತು. ಎಷ್ಟೋ ವರ್ಷದ ಮಾತು ಒಟ್ಟಿಗೆ ಬಂತು. ಟಿವಿಯಲ್ಲಿ ಸುದ್ದಿ ಓದುವವರು ಯಾಕೆ ಕಿರುಚುತ್ತಾರೆ ಎಂಬುದರಿಂದ ಹಿಡಿದು ಈಗಿನ ಫೋನುಗಳಿಗೆ ಗುಂಡಿ ಯಾಕಿಲ್ಲ ಎಂಬವರೆಗೆ ಹೇಳಿದರು. ಅವನು ಬರೆದುಕೊಂಡ. ಎಲ್ಲ ಚೆನ್ನಾಗಿಯೇ ಇತ್ತು. ಆದರೂ ಒಂದು ಕಡೆ ಅವನಿಗೆ ತಡೆಯಲಾಗಲಿಲ್ಲ. ಒಂದು ಒಳ್ಳೆಯ ಸಾಲು ತಾನಾಗಿ ಬಂದು ಪೆನ್ನಿನ ತುದಿಯಲ್ಲಿ ಕೂತಿತು. ಮೆಲ್ಲಗೆ ನಡುವೆ ಸೇರಿಸಿಬಿಟ್ಟ. ಬರೆದದ್ದನ್ನೆಲ್ಲ ಓದಿ ಹೇಳು ಎಂದರು ದೊಡ್ಡಮ್ಮ. ಅವನು ಓದಿದ. ಆ ಸಾಲು ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಇದನ್ನ ಹೊಡೆದುಹಾಕಪ್ಪ" ಎಂದರು ಮೃದುವಾಗಿ. "ಇದು ಅಜ್ಜಿ ಮಾತಿನ ಹಾಗಿಲ್ಲ."